ಮಂಗನ ಕಾಯಿಲೆಯ ಬಗ್ಗೆ ಚಿಕ್ಕ ಮಕ್ಕಳಿಗೆ ಏನು ಹೇಳುವುದು, ಹೇಗೆ ಹೇಳುವುದು

ಅಡಿಕೆ ಕೊಯ್ಲು ಮುಗಿಯುತ್ತಾ ಬರುವ ಹೊತ್ತಿಗೆ ಸಿದ್ದಾಪುರ, ಶಿರಸಿ, ಹೊನ್ನಾವರದ ಘಟ್ಟದ ಊರುಗಳಲ್ಲಿ ಒಂದು ಮಾತು ಶುರುವಾಗುತ್ತದೆ. "ಅಲ್ಲೆಲ್ಲೋ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆಯಂತೆ." ಎರಡು ದಿನ ಬಿಟ್ಟು, "ಯಾರಿಗೋ ಜ್ವರವಂತೆ, ಮಣಿಪಾಲಕ್ಕೆ ಕರ್ಕೊಂಡು ಹೋದ್ರಂತೆ." 2024ರ ಮೊದಲ ತಿಂಗಳುಗಳಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಜಾಸ್ತಿಯಾದಾಗ ಎಷ್ಟೋ ಮನೆಗಳ ಜಗಲಿಯಲ್ಲಿ ಇದೇ ಮಾತು. ದೊಡ್ಡವರು ಮಾತಾಡುತ್ತಿದ್ದರೆ ಪಕ್ಕದಲ್ಲೇ ನಾಲ್ಕೈದು ವರ್ಷದ ಮಗು ಆಡಿಕೊಂಡಿರುತ್ತದೆ. ಕೈ ಆಟಿಕೆಯ ಮೇಲೆ, ಕಿವಿ ಪೂರ್ತಿ ನಮ್ಮ ಕಡೆ.

ಮಗುವಿಗೆ ಮಾತ್ರ ಯಾರೂ ನೇರವಾಗಿ ಏನೂ ಹೇಳುವುದಿಲ್ಲ. ಹೆದರೀತು ಅಂತ. ಆದರೆ ಹೇಳದಿದ್ದರೆ ಮಗುವಿನ ತಲೆ ಖಾಲಿ ಕೂರುವುದಿಲ್ಲ. ಕೇಳಿಸಿಕೊಂಡ ಚೂರುಪಾರು ಜೋಡಿಸಿ ತನ್ನದೇ ಒಂದು ಕಥೆ ಕಟ್ಟಿಕೊಳ್ಳುತ್ತದೆ. ಆ ಕಥೆಯಲ್ಲಿ ಮಂಗ ಕೆಟ್ಟದ್ದು. ಜ್ವರ ಬಂದ ಅಜ್ಜಿಯ ಹತ್ತಿರ ಹೋದರೆ ತನಗೂ ಬರುತ್ತದೆ. ಮೊನ್ನೆ ತಾನು ಮಂಗಕ್ಕೆ ಕಲ್ಲು ಹೊಡೆದದ್ದಕ್ಕೇ ಇದೆಲ್ಲ ಆಯಿತು. ಮೂರೂ ತಪ್ಪು. ನಿಜವಾಗಿ ಹುಷಾರಾಗಿರಬೇಕಾದದ್ದು ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳದಿಂದ. ಅದರ ಹೆಸರೇ ಮಗುವಿನ ಕಥೆಯಲ್ಲಿ ಇಲ್ಲ.

ಮಗುವಿನ ಹೆದರಿಕೆ ಯಾವ ಕಡೆ ತಿರುಗಿದೆ ಎಂದು ಮೊದಲು ತಿಳಿದುಕೊಳ್ಳಬೇಕು. ಅದನ್ನು ಮಂಗನಿಂದ, ಮನೆಯವರಿಂದ ಬಿಡಿಸಿ ಉಣುಗಿನ ಕಡೆ ತಿರುಗಿಸಬೇಕು. ಆಮೇಲೆ ಮಗು ತಾನೇ ಮಾಡಬಹುದಾದ ಒಂದು ಸಣ್ಣ ಕೆಲಸ ಕೊಡಬೇಕು. ಮಕ್ಕಳಿಗೆ ಹೇಳುವುದು ಅಂದರೆ ಇಷ್ಟೇ. ಇಷ್ಟು ಮಾಡಲು ದೊಡ್ಡವರಿಗೆ ಕಾಯಿಲೆಯ ವಿಷಯ ಸರಿಯಾಗಿ ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ಈ ಕಾಯಿಲೆ ಹೇಗೆ ಬರುತ್ತದೆ?

ಮಂಗನ ಕಾಯಿಲೆ ಒಂದು ವೈರಸ್‌ನಿಂದ ಬರುವ ಜ್ವರ. ವೈರಸ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಗಾಣು. ಅದು ಬೇರೆ ಜೀವಿಯ ಮೈಯೊಳಗೆ ಸೇರಿದರೆ ಮಾತ್ರ ಹೆಚ್ಚುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯತೊಡಗಿದವು. ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಈ ವೈರಸ್ ಸಿಕ್ಕಿತು. ಹಾಗಾಗಿ ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ, ಚುಟುಕಾಗಿ ಕೆ.ಎಫ್.ಡಿ. ಎಂಬ ಹೆಸರು ಬಂತು. ಕ್ಯಾಸನೂರು ನಮ್ಮ ಸಿದ್ದಾಪುರಕ್ಕೆ ದೂರವೇನಲ್ಲ.

ಈ ವೈರಸ್ಸನ್ನು ಹೊತ್ತು ತಿರುಗುವುದು ಉಣುಗು. ಕೆಲವು ಕಡೆ ಉಣ್ಣೆ ಅನ್ನುತ್ತಾರೆ. ಮಲೆನಾಡಿನ ಮಕ್ಕಳಿಗೆ ಇದನ್ನು ತಿಳಿಸಲು ಉಂಬಳಕ್ಕಿಂತ, ಅಂದರೆ ಜಿಗಣೆಗಿಂತ, ಒಳ್ಳೆಯ ಹೋಲಿಕೆ ಇಲ್ಲ. ಮಳೆಗಾಲದಲ್ಲಿ ಉಂಬಳ ಹುಲ್ಲಿನ ತುದಿಯಲ್ಲಿ ಕಾದು ಕೂತಿರುತ್ತದೆ, ಅಲ್ವಾ? ನಾವು ಹಾದುಹೋದರೆ ಕಾಲಿಗೆ ಹತ್ತುತ್ತದೆ. ಕಚ್ಚಿದ್ದೂ ತಿಳಿಯುವುದಿಲ್ಲ. ರಕ್ತ ಕುಡಿದು ತುಂಬಿದ ಮೇಲೆ ತಾನೇ ಉದುರುತ್ತದೆ. ಉಣುಗಿನ ರೀತಿಯೂ ಇದೇ. ಅದಕ್ಕೆ ಹಾರಲು ಬರುವುದಿಲ್ಲ, ನೆಗೆಯಲೂ ಬರುವುದಿಲ್ಲ. ಒಣ ಎಲೆಯಲ್ಲಿ, ಗಿಡದ ಬುಡದಲ್ಲಿ ಕಾದಿದ್ದು, ಹಾದುಹೋಗುವ ಮೈಗೆ ಹತ್ತಿಕೊಳ್ಳುತ್ತದೆ. ವ್ಯತ್ಯಾಸ ಎರಡು. ಉಂಬಳ ಮಳೆಯಲ್ಲಿ, ಈ ಉಣುಗಿನ ಮರಿ ಒಣಗಾಲದಲ್ಲಿ. ಉಂಬಳ ಕಣ್ಣಿಗೆ ಬೀಳುತ್ತದೆ. ಉಣುಗಿನ ಮರಿ ಎಳ್ಳಿಗಿಂತ ಸಣ್ಣದು, ಹುಡುಕಿದರೆ ಮಾತ್ರ ಕಾಣುತ್ತದೆ.

ಜನರನ್ನು ಹೆಚ್ಚಾಗಿ ಕಚ್ಚುವುದು ಈ ಮರಿಗಳೇ. ಇವು ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಕಾಡಿನ ನೆಲದಲ್ಲಿ ಜಾಸ್ತಿ ಇರುತ್ತವೆ. ನಮ್ಮ ಜನ ಬೆಟ್ಟಕ್ಕೆ ಹೋಗುವುದೂ ಅದೇ ಕಾಲದಲ್ಲಿ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವುದು, ಸೊಪ್ಪು ಕಡಿಯುವುದು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವುದು, ದನ ಮೇಯಿಸುವುದು ಎಲ್ಲ ಆಗಲೇ. ಹಾಗಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಸುದ್ದಿ, ಮಳೆ ಹಿಡಿದ ಮೇಲೆ ಇಳಿತ.

ಮಂಗನ ಪಾತ್ರ ಏನು? ಮಂಗವೂ ನಮ್ಮ ಹಾಗೆ ಉಣುಗು ಕಚ್ಚಿಸಿಕೊಂಡ ಪ್ರಾಣಿ. ಕಪ್ಪು ಮೋರೆಯ ಮುಸುವಕ್ಕೂ ಕೆಂಪು ಮಂಗಕ್ಕೂ ಈ ವೈರಸ್ ತಡೆದುಕೊಳ್ಳುವ ಶಕ್ತಿ ಕಡಿಮೆ. ಅವುಗಳ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ. ಆ ರಕ್ತ ಕುಡಿದ ಉಣುಗುಗಳಿಗೂ ವೈರಸ್ ಸೇರುತ್ತದೆ. ಮಂಗ ಸತ್ತಾಗ ಮೈ ತಣ್ಣಗಾಗುತ್ತದೆ. ಉಣುಗುಗಳು ಅದನ್ನು ಬಿಟ್ಟು ನೆಲಕ್ಕಿಳಿಯುತ್ತವೆ. ಸತ್ತ ಮಂಗದ ಸುತ್ತಲಿನ ಜಾಗ ಅಪಾಯದ್ದು ಅನ್ನುವುದು ಇದಕ್ಕೇ. ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳಲ್ಲೂ ವೈರಸ್ ಇರುತ್ತದೆ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ಉಣುಗು ಅವುಗಳ ಮೈ ಹತ್ತಿ ಕೊಟ್ಟಿಗೆಯವರೆಗೆ ಬರಬಹುದು.

ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಒಮ್ಮೆಲೇ ಏರುತ್ತದೆ. ತಲೆನೋವು, ಮೈಕೈ ನೋವು, ವಾಂತಿ, ವಿಪರೀತ ಸುಸ್ತು. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುವುದುಂಟು. ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ ಬರುವುದೂ ಇದೆ. ಆ ಸಲ ತಲೆ ಸುತ್ತು, ನಡುಕ, ಗೊಂದಲ ಕಾಣಿಸಬಹುದು. ಈ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ಆಸ್ಪತ್ರೆಯಲ್ಲಿ ಜ್ವರ ಇಳಿಸಿ, ಮೈಯಲ್ಲಿ ನೀರಿನಂಶ ಕಾಪಾಡಿ, ರಕ್ತಸ್ರಾವ ಆಗದಂತೆ ನೋಡಿಕೊಳ್ಳುತ್ತಾರೆ. ಹೆಚ್ಚಿನವರು ಗುಣವಾಗುತ್ತಾರೆ. 100 ರೋಗಿಗಳಲ್ಲಿ ಸುಮಾರು 3ರಿಂದ 5 ಜನರ ಜೀವ ಹೋಗುತ್ತದೆ. ಬೇಗ ಆಸ್ಪತ್ರೆಗೆ ಹೋಗುವುದು ಅದಕ್ಕೇ ಮುಖ್ಯ. ಹಿಂದೆ ಕೊಡುತ್ತಿದ್ದ ಲಸಿಕೆಯ ಫಲ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗೆ ಪ್ರಯತ್ನ ನಡೆದಿದೆ.

ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ?

ಇಲ್ಲ. ಇದನ್ನು ಮಗುವಿಗೆ ಮೊದಲ ದಿನವೇ ಹೇಳಬೇಕು, ಮತ್ತೆ ಮತ್ತೆ ಹೇಳಬೇಕು. ಮಂಗನ ಕಾಯಿಲೆ ಬಂದವರು ಕೆಮ್ಮಿದರೆ, ಮುಟ್ಟಿದರೆ, ಅವರ ಪಕ್ಕದಲ್ಲಿ ಮಲಗಿದರೆ, ಅವರು ಉಂಡ ತಟ್ಟೆಯಲ್ಲಿ ಉಂಡರೆ ಕಾಯಿಲೆ ಬರುವುದಿಲ್ಲ. ಉಣುಗು ಕಚ್ಚಿದರೆ ಮಾತ್ರ. ತೀರಾ ಅಪರೂಪಕ್ಕೆ, ಸತ್ತ ಅಥವಾ ಕಾಯಿಲೆ ಬಿದ್ದ ಮಂಗವನ್ನು ಮುಟ್ಟಿದರೆ.

ಆದರೆ ಮಕ್ಕಳು ಇದನ್ನು ಸುಲಭಕ್ಕೆ ನಂಬುವುದಿಲ್ಲ. ಅವರ ತಪ್ಪೂ ಅಲ್ಲ. ಕೊರೊನಾ ಬಂದು ಹೋದ ಮೇಲೆ ಮನೆ, ಶಾಲೆ, ಅಂಗನವಾಡಿ ಎಲ್ಲ ಕಡೆ "ದೂರ ನಿಲ್ಲು, ಮುಟ್ಟಬೇಡ, ಕೈ ತೊಳಿ" ಅನ್ನುವ ಮಾತು ರೂಢಿಯಾಯಿತು. ಕಾಯಿಲೆ ಅಂದರೆ ಅಂಟುವುದು ಎಂದೇ ಮಕ್ಕಳು ಕಲಿತರು. ಅದರ ಮೇಲೆ ಇನ್ನೊಂದು ತೊಡಕು ಇದೆ. ಕೆನ್ನೆ, ಗದ್ದ ಊದಿಕೊಳ್ಳುವ ಮಂಗನಬಾವು ಅಂತ ಬೇರೆಯೇ ಕಾಯಿಲೆ ಇದೆಯಲ್ಲ, ಅದು ಎಂಜಲಿನಿಂದ, ಕೆಮ್ಮಿನಿಂದ ಹರಡುತ್ತದೆ. ಶಾಲೆಯಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುತ್ತದೆ. ಆ ಮಗುವನ್ನು ಬಾವು ಬಂದು ಐದು ದಿನವಾದರೂ ಮನೆಯಲ್ಲಿ ಇಟ್ಟುಕೊಳ್ಳಬೇಕು. ಹೆಸರು ಹತ್ತಿರ ಇರುವುದರಿಂದ ದೊಡ್ಡವರೇ ಎರಡನ್ನೂ ಬೆರೆಸಿ ಮಾತಾಡುತ್ತಾರೆ. ಮನೆಯಲ್ಲಿ ಮಂಗನ ಕಾಯಿಲೆಗೆ ಉಣುಗಿನ ಜ್ವರ ಎಂದೇ ಹೇಳಿ ರೂಢಿ ಮಾಡಿದರೆ ಮಗುವಿಗೆ ಸುಲಭ.

ಹೀಗೆ ಹೇಳಿ ನೋಡಿ: "ಕಾಯಿಲೆಯಲ್ಲಿ ಎರಡು ತರ ಇದೆ ತಮ್ಮ. ನೆಗಡಿ, ಫ್ಲೂ, ಕೊರೊನಾ ಇವೆಲ್ಲ ಕೆಮ್ಮಿದ್ರೆ, ಸೀನಿದ್ರೆ ಇನ್ನೊಬ್ಬರಿಗೆ ಬರ್ತದೆ. ಅದಕ್ಕೆ ಬಾಯಿ ಮುಚ್ಕೊಂಡು ಕೆಮ್ಮೋದು, ಸೋಪು ಹಚ್ಚಿ ಕೈ ತೊಳಿಯೋದು. ಇನ್ನು ಕೆಲವು ಹುಳ ಕಚ್ಚಿದ್ರೆ ಮಾತ್ರ ಬರ್ತದೆ. ಈ ಜ್ವರ ಉಣುಗು ಕಚ್ಚಿದ್ರೆ ಬರೋದು. ಅಜ್ಜಿ ಮಡಿಲಲ್ಲಿ ಕೂತ್ರೆ ಬರೋದಲ್ಲ." ಕೊನೆಯ ಆ ಒಂದು ಸಾಲು ಸಾಕು, ಎಷ್ಟೋ ಮಕ್ಕಳ ರಾತ್ರಿಯ ನಿದ್ದೆ ಉಳಿಯುತ್ತದೆ.

ಮಗು ಯೋಚಿಸುವ ರೀತಿಯೇ ಬೇರೆ

ಮಕ್ಕಳ ಯೋಚನೆಯನ್ನು ಬಹಳ ಕಾಲ ಗಮನಿಸಿದ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಒಂದು ವಿಷಯ ತೋರಿಸಿಕೊಟ್ಟರು. ಚಿಕ್ಕ ಮಕ್ಕಳ ಲೆಕ್ಕದಲ್ಲಿ ತಪ್ಪು ಮಾಡಿದರೆ ಶಿಕ್ಷೆ ತಾನಾಗಿಯೇ ಬರುತ್ತದೆ. ಅದನ್ನು ಯಾರೂ ಕೊಡಬೇಕಿಲ್ಲ. ಕದ್ದು ಓಡಿದವನು ಸೇತುವೆ ಮುರಿದು ಬಿದ್ದರೆ, ಕದ್ದದ್ದಕ್ಕೇ ಸೇತುವೆ ಮುರಿಯಿತು ಅನ್ನುತ್ತಾರೆ. ಕಾಯಿಲೆಯನ್ನೂ ಅವರು ಹೀಗೇ ನೋಡುತ್ತಾರೆ. ನಮ್ಮ ಮನೆಗಳಲ್ಲಿ ಈ ಯೋಚನೆಗೆ ನಾವೇ ನೀರೆರೆಯುತ್ತೇವೆ. "ಹೇಳಿದ ಮಾತು ಕೇಳದಿದ್ರೆ ಮಂಗನ ಕಾಯಿಲೆ ಬರ್ತದೆ ನೋಡು", "ಊಟ ಮಾಡದಿದ್ರೆ ಸೂಜಿ ಚುಚ್ಚಿಸ್ತೇನೆ" ಅನ್ನುವುದು ಬಾಯಿಗೆ ಬಂದುಬಿಡುತ್ತದೆ. ದಯವಿಟ್ಟು ಈ ಮಾತು ಬಿಡಬೇಕು. ನಾಳೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮಗು ತನ್ನ ತಪ್ಪಿನಿಂದ ಅಂದುಕೊಳ್ಳುತ್ತದೆ. ಮಗುವಿಗೇ ಜ್ವರ ಬಂದರೆ ಸೂಜಿಗೆ ಹೆದರಿ ಹೇಳದೆ ಮುಚ್ಚಿಡುತ್ತದೆ.

ಮೂರರಿಂದ ಐದು ವರ್ಷದ ಮಕ್ಕಳಿಗೆ ದೂರ, ಕಾಲದ ಅಂದಾಜೂ ಇರುವುದಿಲ್ಲ. ಟಿ.ವಿ.ಯಲ್ಲಿ ತೋರಿಸಿದ ಆಂಬುಲೆನ್ಸ್ ಪಕ್ಕದ ಮನೆಯ ಮುಂದೆಯೇ ನಿಂತಿದೆ ಅಂದುಕೊಳ್ಳುತ್ತಾರೆ. ಒಂದೇ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಹತ್ತು ಜನ ಸತ್ತರು ಅಂತ ಲೆಕ್ಕ. ಅವರಿಗೆ ವೈರಸ್, ಸೋಂಕು ಎಂಬ ವಿವರಣೆ ಬೇಡ. ಉಣುಗು ಅಂತ ಸಣ್ಣ ಹುಳ ಇದೆ, ಕಚ್ಚಿದರೆ ಜ್ವರ ಬರುತ್ತದೆ, ಅಮ್ಮ ಅಪ್ಪ ನೋಡಿಕೊಳ್ಳುತ್ತಾರೆ. ಇಷ್ಟು ಸಾಕು.

ಆರು ದಾಟಿದವರು ಬಿಡುವುದಿಲ್ಲ. "ಉಣುಗಿಗೆ ಯಾಕೆ ಜ್ವರ ಬರುವುದಿಲ್ಲ?", "ಕಾಡಿನ ಉಣುಗನ್ನೆಲ್ಲ ಕೊಲ್ಲಬಹುದಲ್ಲ?" ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳು. ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದ್ದಕ್ಕೆ "ಆಶಾ ಅಕ್ಕ ಬಂದಾಗ ಕೇಳೋಣ" ಅನ್ನಿ, ಮತ್ತು ನಿಜವಾಗಿಯೂ ಮಗುವಿನ ಎದುರಿಗೇ ಕೇಳಿ.

ಮಾತು ಎಲ್ಲಿಂದ ಶುರು?

ಮಗುವನ್ನು ಕೂರಿಸಿ ಪಾಠ ಹೇಳಬೇಕಿಲ್ಲ. ಮಲಗುವ ಮುಂಚೆ ಬೇಡ. ತಲೆ ಬಾಚುವಾಗ, ಕೊಟ್ಟಿಗೆಗೆ ಹೋಗುವಾಗ, ಹೀಗೆ ಹಗಲು ಹೊತ್ತಿನಲ್ಲಿ ಕೇಳಿ: "ಮಂಗನ ಕಾಯಿಲೆ ಅಂತ ಎಲ್ರೂ ಮಾತಾಡ್ತಾ ಇದಾರಲ್ಲ ಪುಟ್ಟಿ, ನೀನೇನು ಕೇಳಿದೀಯ?" ಮೊದಲು ಕೇಳುವುದು, ಆಮೇಲೆ ಹೇಳುವುದು. ಮಗುವಿನ ಕಥೆಯಲ್ಲಿ ಯಾವ ತಪ್ಪು ಇದೆ ಎಂದು ಗೊತ್ತಾದರೆ ಅದನ್ನಷ್ಟೇ ತಿದ್ದಬಹುದು. ಇಲ್ಲದಿದ್ದರೆ ಮಗುವಿಗೆ ಇಲ್ಲದ ಹೆದರಿಕೆಯನ್ನೂ ನಾವೇ ತುಂಬಿದ ಹಾಗಾಗುತ್ತದೆ.

ಮಗು "ಮಂಗ ಕಚ್ಚಿದ್ರೆ ಸಾಯ್ತಾರೆ" ಅಂದಿತು ಅನ್ನಿ. ನಗಬೇಡಿ, "ಛೆ, ಯಾರು ಹೇಳಿದ್ದು?" ಎಂದು ಗದರಬೇಡಿ. "ಹಾಗಂತ ಕೇಳಿದೀಯಾ? ಮಂಗ ಕಚ್ಚೋದಲ್ಲ. ಒಂದು ಸಣ್ಣ ಉಣುಗು ಇದೆ. ಅದು ಮಂಗಕ್ಕೂ ಕಚ್ತದೆ, ನಮಗೂ ಕಚ್ತದೆ. ಪಾಪ, ಮಂಗಕ್ಕೆ ನಮಗಿಂತ ಜಾಸ್ತಿ ಜ್ವರ ಬರ್ತದೆ. ಅದಕ್ಕೆ ಆಸ್ಪತ್ರೆ ಇಲ್ಲ" ಅಂದರೆ ಆಯಿತು. ಮಂಗ ಕೆಟ್ಟದ್ದು ಎಂಬ ಮಾತು ಮರುಕದ ಕಡೆ ತಿರುಗುತ್ತದೆ. ಮಂಗಕ್ಕೆ ಕಲ್ಲು ಹೊಡೆಯುವುದೂ ಕಡಿಮೆಯಾಗುತ್ತದೆ.

ಸುಳ್ಳು ಭರವಸೆ ಮಾತ್ರ ಬೇಡ. "ನಮ್ಮೂರಿಗೆ ಬರೋದೇ ಇಲ್ಲ", "ಯಾರಿಗೂ ಏನೂ ಆಗಲ್ಲ" ಎಂದು ಹೇಳಿದ ವಾರಕ್ಕೇ ಪಕ್ಕದ ಕೇರಿಯಲ್ಲಿ ಜ್ವರ ಬಂದರೆ ಮಗು ಮುಂದೆ ನಮ್ಮ ಮಾತು ನಂಬುವುದಿಲ್ಲ. "ಬರದ ಹಾಗೆ ನಾವೆಲ್ಲ ಹುಷಾರಾಗಿದ್ದೇವೆ. ಬಂದರೂ ಡಾಕ್ಟ್ರು ಇದಾರೆ, ತುಂಬಾ ಜನ ಗುಣವಾಗ್ತಾರೆ" ಅನ್ನುವುದು ನಿಜವೂ ಹೌದು, ಧೈರ್ಯವೂ ಹೌದು.

ಕಾರವಾರ, ಅಂಕೋಲಾ, ಕುಮಟಾ ಪೇಟೆಯಲ್ಲಿರುವ ಮಕ್ಕಳೂ ಈ ಸುದ್ದಿ ಕೇಳಿ ಹೆದರುತ್ತಾರೆ. ಅವರಿಗೆ "ಉಣುಗು ಕಾಡಿನ ಒಣ ಎಲೆಯಲ್ಲಿ ಇರೋದು, ನಮ್ಮ ಬೀದಿಯಲ್ಲಿ ಅಲ್ಲ" ಎಂದು ಸ್ಪಷ್ಟವಾಗಿ ಹೇಳಬಹುದು. ರಜೆಗೆ ಘಟ್ಟದ ಮೇಲಿನ ಅಜ್ಜಿಮನೆಗೆ ಹೋಗುವುದಿದ್ದರೆ ಅಲ್ಲಿಯ ನಿಯಮ ಹೊರಡುವ ಮೊದಲೇ ತಿಳಿಸಿ. ಕವಳಿ ಹಣ್ಣು, ಮುರುಗಲು, ಸಂಪಿಗೆ ಹಣ್ಣು ಅಂತ ಮಕ್ಕಳು ಬೆಟ್ಟಕ್ಕೆ ನುಗ್ಗುವುದೂ ಏಪ್ರಿಲ್, ಮೇ ತಿಂಗಳಲ್ಲೇ ಅಲ್ವಾ?

ಸತ್ತ ಮಂಗ ಕಂಡರೆ

ಈ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು. ಸತ್ತ ಮಂಗವನ್ನು ಮೊದಲು ನೋಡುವವರು ಎಷ್ಟೋ ಸಲ ಮಕ್ಕಳೇ. ತೋಟದ ಅಂಚಿನಲ್ಲಿ, ಶಾಲೆಗೆ ಹೋಗುವ ಕಾಲುದಾರಿಯಲ್ಲಿ. ನಮ್ಮ ಕಡೆ ಮಂಗ ಅಂದರೆ ಹನುಮಂತ. ಸತ್ತರೆ ಹೂ ಹಾಕಿ, ಅರಿಶಿನ ಕುಂಕುಮ ಇಟ್ಟು ಮಣ್ಣು ಮಾಡುವ ಪದ್ಧತಿ ಇದೆ. ಮಕ್ಕಳು ಅದನ್ನು ನೋಡಿರುತ್ತಾರೆ. ಮರುಕದಿಂದ ಹತ್ತಿರ ಹೋಗುತ್ತಾರೆ, ಎಲೆ ಮುಚ್ಚುತ್ತಾರೆ, ಕೋಲಿನಿಂದ ಅಲುಗಿಸುತ್ತಾರೆ. ವೈರಸ್ ತುಂಬಿದ ಉಣುಗುಗಳು ನೆಲಕ್ಕಿಳಿದಿರುವುದು ಸರಿಯಾಗಿ ಆ ಜಾಗದಲ್ಲೇ.

ಬರೀ "ಹೋಗಬೇಡ" ಅಂದರೆ ಸಾಲದು. ಮಗುವಿನ ಮರುಕಕ್ಕೂ ಒಂದು ದಾರಿ ಬೇಕು. "ಸತ್ತ ಮಂಗ ಕಂಡ್ರೆ ಅಲ್ಲೇ ನಿಲ್ಲು. ಅಲ್ಲಿಂದಲೇ ಕೈ ಮುಗಿ. ವಾಪಸ್ ಬಂದು ದೊಡ್ಡವರಿಗೆ ಹೇಳು. ಯಾರೂ ಬೈಯೋದಿಲ್ಲ." ಈ ನಾಲ್ಕು ಮಾತನ್ನು ಮಗುವಿನ ಬಾಯಲ್ಲೇ ಹೇಳಿಸಿ. ಕೊನೆಯದನ್ನು ಬಿಡಬೇಡಿ. "ಅಲ್ಲಿಗೆ ಯಾಕೆ ಹೋಗಿದ್ದೆ?" ಅಂತ ಬೈಗುಳ ಬೀಳುತ್ತದೆ ಎಂದು ಗೊತ್ತಾದರೆ ಮಗು ಬಾಯಿ ಬಿಡುವುದಿಲ್ಲ.

ಮಗು ಹೇಳಿದ ಮೇಲೆ ದೊಡ್ಡವರು ಅರಣ್ಯ ಇಲಾಖೆ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಅವರು ರಕ್ಷಣೆಯ ಉಡುಪು ಹಾಕಿಕೊಂಡು ಬಂದು, ಪರೀಕ್ಷೆಗೆ ಮಾದರಿ ತೆಗೆದು, ಹೆಣ ಸುಡುತ್ತಾರೆ. ಸುತ್ತಲಿನ ಜಾಗಕ್ಕೆ ಉಣುಗು ಸಾಯಿಸುವ ಔಷಧ ಹಾಕುತ್ತಾರೆ. ಮೈತುಂಬ ಮುಚ್ಚಿಕೊಂಡು ಬಂದವರನ್ನು ಕಂಡು ಮಕ್ಕಳು ಬೆಚ್ಚುತ್ತಾರೆ. ಮೊದಲೇ ಹೇಳಿಟ್ಟರೆ ಒಳ್ಳೆಯದು: "ಉಣುಗು ಹತ್ತಬಾರದು ಅಂತ ಅವರು ಆ ಅಂಗಿ ಹಾಕೊಂಡಿದಾರೆ." ಸತ್ತ ಮಂಗಗಳೆಲ್ಲ ಈ ಕಾಯಿಲೆಯಿಂದಲೇ ಸತ್ತವಲ್ಲ ಎಂಬುದನ್ನೂ ಹೇಳಿ. ಕರೆಂಟಿನ ತಂತಿ, ನಾಯಿ, ವಾಹನ ಎಂದು ಬೇರೆ ಕಾರಣಗಳೂ ಇರುತ್ತವೆ. ಪರೀಕ್ಷೆ ಆದ ಮೇಲೆಯೇ ಗೊತ್ತಾಗುವುದು.

ಮಗುವಿಗೊಂದು ಕೆಲಸ

ಹೆದರಿದ ಮಗುವಿಗೆ ಸಮಾಧಾನದ ಮಾತಿಗಿಂತ ಕೈಗೊಂದು ಕೆಲಸ ಕೊಟ್ಟರೆ ಹೆಚ್ಚು ಧೈರ್ಯ ಬರುತ್ತದೆ ಎಂದು ನನಗೆ ಅನಿಸುತ್ತದೆ. ಏನೂ ಮಾಡಲಾಗದೆ ಕೂತಿರುವುದೇ ಹೆದರಿಕೆಯನ್ನು ಬೆಳೆಸುವುದು.

ಆ ಕೆಲಸ ಉಣುಗು ಹುಡುಕುವುದು. ಬೆಟ್ಟದ ಕಡೆ ಹೋಗಿ ಬಂದ ಬಟ್ಟೆ ಅಂಗಳದಲ್ಲೇ ಬಿಚ್ಚಿ ಬಿಸಿನೀರಿಗೆ ಹಾಕುವುದು. ಬಚ್ಚಲಿಗೆ ಹೋಗಿ ಹಂಡೆಯ ಬಿಸಿನೀರಲ್ಲಿ ಸೋಪು ಹಚ್ಚಿ ಮೀಯುವುದು. ಮೀಯಿಸುವಾಗ ಅಮ್ಮನೋ ಅಪ್ಪನೋ ಮೈ ಪೂರ್ತಿ ನೋಡುವುದು. ಮಗುವೇ ಹೆಸರು ಹೇಳಲಿ: ಕಿವಿ ಹಿಂದೆ, ಕುತ್ತಿಗೆ, ಕಂಕುಳು, ಹೊಕ್ಕುಳು, ಸೊಂಟ, ಮಂಡಿ ಹಿಂದೆ, ಕಾಲ್ಬೆರಳ ಸಂದು. ದಿನಾ ಅದೇ ಕ್ರಮದಲ್ಲಿ ಹೇಳಿಸಿದರೆ ಹಾಡಿನಂತೆ ಬಾಯಿಪಾಠವಾಗುತ್ತದೆ. ಆಮೇಲೆ ದೊಡ್ಡವರು ದರಕು ತಂದು ಬಂದಾಗ "ಅಪ್ಪ, ಕಿವಿ ಹಿಂದೆ ನೋಡಿದ್ಯಾ?" ಎಂದು ಮಗುವೇ ಕೇಳುತ್ತದೆ. ಅದನ್ನು ತಳ್ಳಿಹಾಕಬೇಡಿ. ಬಗ್ಗಿ ಕಿವಿ ತೋರಿಸಿ.

ಉಣುಗು ಸಿಕ್ಕರೆ ಮಗು ಮುಟ್ಟಬಾರದು, ಕೂಗಿ ಹೇಳಬೇಕು ಅಷ್ಟೇ. ದೊಡ್ಡವರು ಸಣ್ಣ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಬೆರಳಲ್ಲಿ ಹೊಸಕಬಾರದು, ಬೆಂಕಿ ತಾಗಿಸಬಾರದು. ಜಾಗವನ್ನೂ ಕೈಯನ್ನೂ ಸೋಪು ಹಚ್ಚಿ ತೊಳೆಯಬೇಕು. ಉಣುಗು ಸಿಕ್ಕಿದ ಕೂಡಲೇ ಕಾಯಿಲೆ ಬಂತು ಎಂದಲ್ಲ. ಎಲ್ಲ ಉಣುಗಿನಲ್ಲೂ ವೈರಸ್ ಇರುವುದಿಲ್ಲ. ಇದನ್ನು ಮಗುವಿಗೆ ಆ ಹೊತ್ತಿನಲ್ಲೇ ಹೇಳಿ, ನಿಮ್ಮ ಮುಖದಲ್ಲಿ ಗಾಬರಿ ಕಂಡಿರುತ್ತದೆ. ಮುಂದಿನ ಒಂದೆರಡು ವಾರ ಜ್ವರ ಬರುತ್ತದೆಯೇ ಎಂದು ಗಮನಿಸಿ. ಬಂದರೆ ಅಂಗಡಿಯ ಮಾತ್ರೆ ನುಂಗಿಸಿ ಕಾಯದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಉಣುಗು ಕಚ್ಚಿದ್ದನ್ನು ತಿಳಿಸಿ.

ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯ ಬಾಟಲಿಯನ್ನೂ ಮಗುವಿಗೆ ಪರಿಚಯ ಮಾಡಿಸಿ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡರೆ ಉಣುಗು ಹತ್ತಿರ ಬರುವುದಿಲ್ಲ. ಕಣ್ಣು, ಬಾಯಿಗೆ ತಾಗಬಾರದು, ಬಂದ ಮೇಲೆ ತೊಳೆದುಕೊಳ್ಳಬೇಕು. ಬಾಟಲಿ ಮಕ್ಕಳ ಕೈಗೆ ಸಿಗದ ಕಡೆ ಇರಲಿ. ಚಿಕ್ಕ ಮಕ್ಕಳಿಗೆ ಹಚ್ಚುವುದಿದ್ದರೆ ಮೊದಲು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಕೊಟ್ಟಿಗೆಗೆ ತಂದು ಸುರಿದ ದರಕಿನ ರಾಶಿಯ ಮೇಲೆ ಹಾರುವುದು ಮಕ್ಕಳಿಗೆ ಬಹಳ ಇಷ್ಟದ ಆಟ. ಈ ತಿಂಗಳುಗಳಲ್ಲಿ ಅದು ಬೇಡ. ಬೇಡ ಅನ್ನುವಾಗ ಕಾರಣವನ್ನೂ ಹೇಳಿ: ಉಣುಗು ಇರೋದು ಒಣ ಎಲೆಯಲ್ಲಿ. ಮಂಗ ಸತ್ತ ಜಾಗದ ದರಕನ್ನಂತೂ ದೊಡ್ಡವರೂ ತರಬಾರದು.

ಮನೆಯಲ್ಲೇ ಯಾರಿಗಾದರೂ ಬಂದರೆ

ಅಜ್ಜಿಗೆ ಜ್ವರ, ರಕ್ತಪರೀಕ್ಷೆ, ಆಂಬುಲೆನ್ಸ್. ಇಷ್ಟೂ ಮಗುವಿನ ಕಣ್ಣೆದುರೇ ನಡೆಯುತ್ತದೆ. ಎಲ್ಲರೂ ಓಡಾಟದಲ್ಲಿರುತ್ತಾರೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಡುತ್ತಾರೆ. ಹೊರಡುವ ಮುಂಚೆ ಒಂದೇ ನಿಮಿಷ ಮಗುವಿನ ಎತ್ತರಕ್ಕೆ ಕೂತು ಹೇಳಿ: ಅಜ್ಜಿ ಎಲ್ಲಿಗೆ ಹೋಗುತ್ತಿದ್ದಾರೆ, ಜೊತೆಗೆ ಯಾರಿದ್ದಾರೆ, ಇವತ್ತು ರಾತ್ರಿ ನಿನ್ನನ್ನು ಯಾರು ಮಲಗಿಸುತ್ತಾರೆ. ಮಗುವಿಗೆ ಬೇಕಾದದ್ದು ಈ ಮೂರು. "ಮಣಿಪಾಲ" ಅನ್ನುವ ಹೆಸರನ್ನು ನಮ್ಮ ಹಳ್ಳಿಗಳಲ್ಲಿ ದನಿ ತಗ್ಗಿಸಿ ಹೇಳುವುದರಿಂದ, ಹೋದವರು ವಾಪಸ್ ಬರುವುದಿಲ್ಲ ಎಂದು ಮಗು ತಿಳಿದಿರಬಹುದು. "ಅದು ದೊಡ್ಡ ಆಸ್ಪತ್ರೆ, ಅಲ್ಲಿ ಜಾಸ್ತಿ ಡಾಕ್ಟ್ರು ಇದಾರೆ" ಎಂದು ಬಿಡಿಸಿ ಹೇಳಿ.

"ನನ್ನಿಂದ ಆಯ್ತಾ?" ಎಂದು ಕೆಲವು ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ. ಹೆಚ್ಚಿನವರು ಕೇಳುವುದಿಲ್ಲ. ಕೇಳದಿದ್ದರೂ ಹೇಳಿಬಿಡಿ: "ನೀನು ಏನೋ ಮಾಡಿದ್ದಕ್ಕೆ ಅಜ್ಜಿಗೆ ಜ್ವರ ಬಂದದ್ದಲ್ಲ ತಂಗಿ. ಉಣುಗು ಕಚ್ಚಿ ಬಂದದ್ದು." ಫೋನಿನಲ್ಲಿ ಅಜ್ಜಿಯ ದನಿ ಕೇಳಿಸಿ. ಒಂದು ಚಿತ್ರ ಬರೆದು ಕಳಿಸಲಿ. ಅಜ್ಜಿ ಬಂದ ಮೇಲೆ ತಬ್ಬಿಕೊಳ್ಳಬಹುದು, ಪಕ್ಕದಲ್ಲಿ ಮಲಗಬಹುದು.

ಸಾವಾದರೆ ಹೇಳುವುದು ಕಷ್ಟ. ಆದರೂ ಮಾತು ನೇರವಾಗಿರಬೇಕು. "ಅಜ್ಜ ಮಲಗಿದಾರೆ" ಅಂದರೆ ಮಗುವಿಗೆ ತನ್ನ ನಿದ್ದೆಯ ಮೇಲೇ ಹೆದರಿಕೆ ಬರುತ್ತದೆ. "ಊರಿಗೆ ಹೋಗಿದಾರೆ" ಅಂದರೆ ಬಾಗಿಲಲ್ಲಿ ಕೂತು ಕಾಯುತ್ತದೆ. "ಅಜ್ಜ ತೀರಿಕೊಂಡರು. ಅವರ ಮೈ ಕೆಲಸ ನಿಲ್ಲಿಸಿತು. ಇನ್ನು ಉಸಿರಾಡುವುದಿಲ್ಲ, ನೋವೂ ಆಗುವುದಿಲ್ಲ. ತಿರುಗಿ ಬರುವುದಿಲ್ಲ." ಇದನ್ನು ಹೇಳಿದ ಮೇಲೆ ನಿಮ್ಮ ಮನೆಯ ನಂಬಿಕೆಯಂತೆ ದೇವರ ಮಾತು ಸೇರಿಸಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಅಂದರೆ ಮತ್ತೆ ಬಾರದ್ದು ಎಂಬುದು ಒಂದೇ ಸಲಕ್ಕೆ ತಿಳಿಯುವುದಿಲ್ಲ. ಇವತ್ತು ಹೇಳಿದ್ದನ್ನು ನಾಳೆ ಮತ್ತೆ ಕೇಳುತ್ತಾರೆ, "ಅಜ್ಜ ಯಾವಾಗ ಬರ್ತಾರೆ?" ಅಂತ. ಅದೇ ಉತ್ತರವನ್ನು ಅದೇ ತಾಳ್ಮೆಯಿಂದ ಕೊಡಬೇಕು. ನಾವು ಮಗುವಿನ ಎದುರು ಅತ್ತರೆ ತಪ್ಪಿಲ್ಲ. "ಅಜ್ಜನ ನೆನಪಾಗಿ ಅಳು ಬಂತು" ಎಂದು ಹೇಳಿದರೆ ಮಗುವಿಗೆ ಅಳುವಿನ ಕಾರಣ ತಿಳಿಯುತ್ತದೆ.

ಟಿ.ವಿ., ಮೊಬೈಲ್, ಶಾಲೆ

ಜ್ವರದ ಸುದ್ದಿ ಬರುವಾಗ ಟಿ.ವಿ. ಆರಿಸಿ, ಮಗು ಮಲಗಿದ ಮೇಲೆ ನೋಡಿ. ವಾಟ್ಸಾಪ್‌ನಲ್ಲಿ ಬರುವ ಸತ್ತ ಮಂಗದ ಫೋಟೋ, ರೋಗಿಗಳ ವಿಡಿಯೋ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಫೋನಿನಲ್ಲಿ ಮಾತಾಡುವಾಗ ಮಗು ಪಕ್ಕದಲ್ಲಿದೆ ಎಂಬುದು ನೆನಪಿರಲಿ.

ಅಂಗನವಾಡಿ ಟೀಚರ್, ಶಾಲೆಯ ಅಕ್ಕೋರು, ಮಾಸ್ತರು ಇವರ ಮಾತಿಗೆ ಮಕ್ಕಳಲ್ಲಿ ಮನೆಯವರ ಮಾತಿಗಿಂತ ತೂಕ ಜಾಸ್ತಿ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಆಗದಂತೆ ಮೊದಲೇ ಮಾತಾಡಿಕೊಳ್ಳಿ. ಕಾಯಿಲೆ ಬಂದ ಮನೆಯ ಮಗುವನ್ನು ತರಗತಿಯಲ್ಲಿ ಯಾರೂ ದೂರ ಕೂರಿಸಬಾರದು. ಆ ಮಗು ಬರುವ ಮೊದಲೇ ಟೀಚರ್ ಉಳಿದ ಮಕ್ಕಳಿಗೆ "ಇದು ಅಂಟೋದಿಲ್ಲ, ಪಕ್ಕದಲ್ಲಿ ಕೂತ್ಕೊಳ್ಳಿ" ಎಂದು ಹೇಳಿಟ್ಟಿದ್ದರೆ ಆ ಮಗುವಿಗೆ ದೊಡ್ಡ ಉಪಕಾರ. ಅಪ್ಪನೋ ಅಮ್ಮನೋ ಆಸ್ಪತ್ರೆಯಲ್ಲಿರುವಾಗ ಶಾಲೆಯ ಗೆಳೆಯರೇ ಅದಕ್ಕೆ ಆಸರೆ.

ಹೆದರಿಕೆ ಹೋಗದಿದ್ದರೆ

ಕೆಲವು ದಿನ ಅಂಟಿಕೊಂಡೇ ಇರುವುದು, ರಾತ್ರಿ ಎದ್ದು ಅಳುವುದು, ಹೊಟ್ಟೆನೋವು ಅನ್ನುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರುವುದು ಚಿಕ್ಕ ಮಕ್ಕಳಲ್ಲಿ ಸಾಮಾನ್ಯ. ಗದರದೆ, ಊಟ, ಆಟ, ನಿದ್ದೆಯ ಹೊತ್ತು ತಪ್ಪದಂತೆ ನೋಡಿಕೊಂಡರೆ ಹೆಚ್ಚಿನ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ಮಗು ಮಂಗ, ಆಂಬುಲೆನ್ಸ್, ಡಾಕ್ಟರ್ ಆಟ ಆಡಿದರೆ ತಡೆಯಬೇಡಿ. ಕೇಳಿದ್ದನ್ನು ಅರಗಿಸಿಕೊಳ್ಳಲು ಮಕ್ಕಳಿಗೆ ಇರುವ ದಾರಿ ಅದು.

ಮೂರ್ನಾಲ್ಕು ವಾರ ಕಳೆದರೂ ಮಗು ಅಂಗಳಕ್ಕೂ ಇಳಿಯದಿದ್ದರೆ, ಊಟ ನಿದ್ದೆ ಬಿಟ್ಟರೆ, ಮಾತೇ ಕಡಿಮೆಯಾದರೆ ವೈದ್ಯರಿಗೆ ತೋರಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ವಿಷಯಕ್ಕಷ್ಟೇ ಅಲ್ಲ, ಆಸ್ಪತ್ರೆಗೂ ಮನೆಗೂ ಓಡಾಡಿ ಸೋತ ಅಪ್ಪ ಅಮ್ಮಂದಿರೂ ತಮ್ಮ ಸಲುವಾಗಿ ಅಲ್ಲಿಗೆ ಕರೆ ಮಾಡಬಹುದು.